ಐಡಿಪಿ ಕೈಗೆ ಕೊಡುವಾಗ ಒಂದು ಮಾತು ಹೇಳಿ ಕಳಿಸಿ

ಕರ್ನಾಟಕ ಸಾರಿಗೆ ಆಯುಕ್ತರಿಗೆ, ಮಂಗಳೂರು, ಉಡುಪಿ, ಹೊನ್ನಾವರ, ಕಾರವಾರದ ಆರ್‌ಟಿಒ ಕಚೇರಿಗಳಲ್ಲಿ ಕೂತು ಕೆಲಸ ಮಾಡುವ ಎಲ್ಲರಿಗೆ, ಮತ್ತೆ ಗಲ್ಫ್‌ಗೆ ಹೊರಟು ನಿಂತಿರುವ ನಮ್ಮ ಹುಡುಗ ಹುಡುಗಿಯರಿಗೆ,

ನಮಸ್ಕಾರ. ಈ ಪತ್ರ ಐಡಿಪಿ ಬಗ್ಗೆ, ಅಂದರೆ ಹೊರದೇಶದಲ್ಲಿ ಗಾಡಿ ಓಡಿಸಲು ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬಗ್ಗೆ.

ಕಳೆದ ಈದ್ ರಜೆಯ ಮೊದಲ ದಿನ ಬೆಳಿಗ್ಗೆ ಏಳು ಗಂಟೆಗೆ ನನ್ನ ಫೋನ್ ಹೊಡೆದುಕೊಂಡಿತು. ಅಕ್ಕನ ಮಗ. ಶಾರ್ಜಾದಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. "ಮಾವ, ಹತ್ತಾ ಬಾರ್ಡರ್‌ನಲ್ಲಿ ಇದ್ದೇನೆ. ಕಾರು ಬದಿಗೆ ಹಾಕಿಸಿದ್ದಾರೆ. ನೀವು ಬರ್ತೀರಾ?" ದನಿ ಸಣ್ಣಗಾಗಿತ್ತು. ಸ್ನೇಹಿತರ ಜೊತೆ ಮಸ್ಕತ್ ನೋಡಲು ಹೊರಟಿದ್ದ. ಒಟ್ಟು ನಾಲ್ಕು ಜನ. ಕಾರು ಒಬ್ಬನ ಅಣ್ಣನದು. ಓಡಿಸುತ್ತಿದ್ದವನು ಇವನೇ.

ಹತ್ತಾ ಇರುವುದು ಒಮಾನ್ ಗಡಿಯಲ್ಲಿ. ನಾನಿರುವ ದುಬೈನಿಂದ ಅಲ್ಲಿಗೆ ಒಂದೂವರೆ ಗಂಟೆ ದಾರಿ. ನಾನು ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ನಾಲ್ವರೂ ಶೆಡ್ಡಿನ ನೆರಳಲ್ಲಿ ಬಿಸ್ಕತ್ತಿನ ಪ್ಯಾಕೆಟ್ ಹಿಡಿದುಕೊಂಡು ಕೂತಿದ್ದರು. ಯಾರೂ ತಿಂದಿರಲಿಲ್ಲ. ಅಕ್ಕನ ಮಗ ಎದ್ದು ಬಂದು ಒಂದು ಪ್ಲಾಸ್ಟಿಕ್ ಕವರ್ ನನ್ನ ಕೈಗೆ ಕೊಟ್ಟ. ಒಳಗೆ ಅವನ ಐಡಿಪಿ, ಆ ಚಿಕ್ಕ ಪುಸ್ತಕ. ಅದರ ಹಿಂದೆ ಮಡಚಿಟ್ಟ ಒಂದು ಚೀಟಿಯಲ್ಲಿ ಕೊಲ್ಲೂರಿನ ಕುಂಕುಮ. ಅಕ್ಕ ಇಟ್ಟು ಕಳಿಸಿದ್ದು.

"ಮಾವ, ಇದರಲ್ಲಿ ತಾರೀಕು ಇನ್ನೂ ಆರು ತಿಂಗಳು ಇದೆಯಲ್ಲ? ಮತ್ತೆ ಯಾಕೆ ಆಗಲ್ಲ ಅಂತಾರೆ?"

ಈ ಪತ್ರ ಬರೆಯುತ್ತಿರುವುದು ಈ ಪ್ರಶ್ನೆಗಾಗಿಯೇ. ಅವನು ಕೇಳಿದ್ದು ದಡ್ಡ ಪ್ರಶ್ನೆ ಅಲ್ಲ. ಸರ್ಕಾರದ ಸೀಲು ಇದೆ, ಫೋಟೋ ಇದೆ, ತಾರೀಕು ಇದೆ. ಸಾವಿರ ರೂಪಾಯಿ ಫೀಸು ಕಟ್ಟಿ, ಫಾರ್ಮ್ 4ಎ ತುಂಬಿ ತಗೊಂಡ ಪುಸ್ತಕ. ಹೆಸರಿನಲ್ಲೇ ಇಂಟರ್‌ನ್ಯಾಷನಲ್ ಅಂತ ಇದೆ. ಅದು ನಡೆಯುವುದಿಲ್ಲ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಯಾರೂ ಹೇಳಿರಲಿಲ್ಲ.

ಉತ್ತರ ಇಷ್ಟೇ. ಅವನು ಬಂದದ್ದು ವಿಸಿಟ್ ವೀಸಾದಲ್ಲಿ. ಆಗ ಅವನು ಪ್ರವಾಸಿ. ನಮ್ಮ ಊರಿನ ಡಿಎಲ್, ಜೊತೆಗೆ ಐಡಿಪಿ, ಎರಡೂ ಇದ್ದರೆ ದುಬೈನಲ್ಲಿ ಬಾಡಿಗೆ ಕಾರು ಕೊಡುತ್ತಾರೆ, ಓಡಿಸಬಹುದು. ಅವನು ಮೊದಲ ತಿಂಗಳು ಹಾಗೇ ಓಡಿಸಿದ. ಆಮೇಲೆ ಕೆಲಸ ಸಿಕ್ಕಿತು. ರೆಸಿಡೆನ್ಸ್ ವೀಸಾ ಆಯಿತು, ಎಮಿರೇಟ್ಸ್ ಐಡಿ ಬಂತು. ಅಲ್ಲಿಗೆ ಅವನು ಪ್ರವಾಸಿ ಅಲ್ಲ, ಇಲ್ಲಿನ ನಿವಾಸಿ. ನಿವಾಸಿಗೆ ಇಲ್ಲಿನ ಲೈಸೆನ್ಸೇ ಬೇಕು. ಪುಸ್ತಕದ ಮೇಲಿನ ತಾರೀಕು ಬದಲಾಗಲಿಲ್ಲ. ಬದಲಾದದ್ದು ಅವನ ವೀಸಾ. ಆ ಬದಲಾವಣೆಯನ್ನು ಆ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ. ಹಾಗಾಗಿ ಹುಡುಗರು ಓಡಿಸುತ್ತಲೇ ಇರುತ್ತಾರೆ.

ಇನ್ನೂ ಒಂದು ವಿಷಯ ನೋಡಿ. ಅದೇ ಹುಡುಗ ವಿಮಾನ ಹತ್ತಿ ಮಸ್ಕತ್‌ಗೆ ಪ್ರವಾಸಿಯಾಗಿ ಹೋಗಿ, ಅಲ್ಲಿ ಬಾಡಿಗೆ ಕಾರು ತಗೊಂಡರೆ ಅದೇ ಡಿಎಲ್, ಅದೇ ಐಡಿಪಿ ನಡೆಯುತ್ತದೆ. ಯಾಕೆಂದರೆ ಒಮಾನಿನಲ್ಲಿ ಅವನು ಇನ್ನೂ ಪ್ರವಾಸಿಯೇ. ಆದರೆ ಶಾರ್ಜಾದಿಂದ ಗಡಿಯವರೆಗಿನ ರಸ್ತೆಯಲ್ಲಿ ಅವನು ಲೈಸೆನ್ಸ್ ಇಲ್ಲದವನು. ಒಂದೇ ಪುಸ್ತಕ, ಒಂದೇ ದಿನ. ಗಡಿಯ ಒಂದು ಬದಿಯಲ್ಲಿ ಬೆಲೆ ಇದೆ, ಇನ್ನೊಂದು ಬದಿಯಲ್ಲಿ ಇಲ್ಲ. ಇದನ್ನು ಮೂರು ಸಲ ಬಿಡಿಸಿ ಹೇಳಿದ ಮೇಲೇ ನನ್ನ ಅಕ್ಕನ ಮಗನಿಗೆ ಅರ್ಥವಾಯಿತು. ಎಂಜಿನಿಯರಿಂಗ್ ಓದಿದ ಹುಡುಗ ಅವನು.

ಅವತ್ತು ಆ ಅಧಿಕಾರಿ ಒಳ್ಳೆಯವರು. ಕೇಸ್ ಹಾಕಲಿಲ್ಲ. ಲೈಸೆನ್ಸ್ ಇರುವವರು ಬಂದು ಕಾರು ತಗೊಂಡು ಹೋಗಲಿ ಅಂತ ಬಿಟ್ಟರು. ಹಾಗೆ ಬಿಡುವವರೇ ಪ್ರತಿ ಸಲ ಸಿಗುತ್ತಾರೆ ಅಂತ ಅಂದುಕೊಳ್ಳುವ ಹಾಗಿಲ್ಲ. 2025ರ ಮಾರ್ಚ್ 29ರಿಂದ ಯುಎಇಯಲ್ಲಿ ಹೊಸ ಸಂಚಾರ ಕಾನೂನು ಬಂದಿದೆ. ಇಲ್ಲಿ ಒಪ್ಪದ ವಿದೇಶಿ ಲೈಸೆನ್ಸ್‌ನಲ್ಲಿ ಓಡಿಸಿದರೆ ಮೊದಲ ಸಲಕ್ಕೇ ಎರಡು ಸಾವಿರದಿಂದ ಹತ್ತು ಸಾವಿರ ದಿರ್ಹಂ ದಂಡ. ಮತ್ತೆ ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗುತ್ತದೆ. ಹೊಸದಾಗಿ ಬಂದ ಹುಡುಗನ ಒಂದೆರಡು ತಿಂಗಳ ಸಂಬಳ ಅದರಲ್ಲೇ ಮುಗಿಯುತ್ತದೆ.

ದಂಡ ಕಟ್ಟಿ ಮುಗಿಯುವುದಾದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ದೊಡ್ಡ ತೊಂದರೆ ಬರುವುದು ವಿಮೆಯಲ್ಲಿ. ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಬೈಂದೂರು ಕಡೆಯ ಒಬ್ಬರು ನನ್ನ ಜೊತೆ ಒಂದೇ ಫ್ಲಾಟಿನಲ್ಲಿ ಇದ್ದರು. ಊರಲ್ಲಿ ಹನ್ನೆರಡು ವರ್ಷ ಟೆಂಪೋ ಓಡಿಸಿದವರು. ಕೈ ಬಹಳ ಚೆನ್ನಾಗಿತ್ತು. ಇಲ್ಲಿಗೆ ಬಂದು ರೆಸಿಡೆನ್ಸ್ ವೀಸಾ ಆದ ಮೇಲೂ ಐಡಿಪಿ ಇದೆ ಅಂತ ಸ್ನೇಹಿತರ ಕಾರು ಓಡಿಸುತ್ತಿದ್ದರು. ಒಂದು ಸಂಜೆ ರೌಂಡ್‌ಅಬೌಟ್‌ನಲ್ಲಿ ಎಡವಟ್ಟಾಯಿತು. ನಮ್ಮೂರಲ್ಲಿ ನಾವು ರಸ್ತೆಯ ಎಡಕ್ಕೆ ಓಡಿಸುವವರು, ಇಲ್ಲಿ ಬಲಕ್ಕೆ. ವೃತ್ತದ ಒಳಗೆ ಇರುವ ಗಾಡಿಗೆ ಇಲ್ಲಿ ಮೊದಲ ಹಕ್ಕು. ಅವರು ಅಭ್ಯಾಸಬಲದಿಂದ ತಪ್ಪು ಕಡೆ ತಲೆ ತಿರುಗಿಸಿ ನೋಡಿದರು. ಖಾಲಿ ಇದೆ ಅಂತ ನುಗ್ಗಿದರು. ಇನ್ನೊಂದು ಕಡೆಯಿಂದ ಬಂದ ಗಾಡಿಗೆ ತಾಗಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಪೊಲೀಸರು ಬಂದು ತಪ್ಪು ಇವರದೇ ಅಂತ ಕೆಂಪು ಚೀಟಿ ಬರೆದರು.

ವಿಮಾ ಕಂಪನಿ ಎದುರಿನ ಗಾಡಿಯ ಖರ್ಚು ಕೊಟ್ಟಿತು. ಆಮೇಲೆ ಆ ಹಣವನ್ನೆಲ್ಲ ವಾಪಸ್ ಕೇಳಿತು. ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲ ಅನ್ನುವುದು ಅವರ ಕಾರಣ. ಪಾಲಿಸಿಯಲ್ಲಿ ಹಾಗೆ ಬರೆದಿತ್ತು, ಅವರ ಕಡೆಯಿಂದ ತಪ್ಪಿಲ್ಲ. ಸ್ನೇಹಿತನ ಕಾರಿನ ರಿಪೇರಿಗೆ ಒಂದು ಪೈಸೆಯೂ ಬರಲಿಲ್ಲ. ಎರಡೂ ಗಾಡಿಯ ಖರ್ಚು ಇವರ ಮೇಲೆ ಬಿತ್ತು. ಹದಿನೆಂಟು ತಿಂಗಳು ಕಂತು ಕಟ್ಟಿದರು. ಊರಲ್ಲಿ ಲಿಂಟಲ್ ಮಟ್ಟಕ್ಕೆ ಬಂದಿದ್ದ ಮನೆ ಎರಡು ಮಳೆಗಾಲ ಹಾಗೇ ನೆನೆಯಿತು. ಆ ಗೋಡೆಗಳ ಮೇಲೆ ಹಸಿರು ಪಾಚಿ ಕಟ್ಟಿದ ಫೋಟೋವನ್ನು ಅವರ ಹೆಂಡತಿ ಕಳಿಸಿದ್ದರು. ಅವರು ಅದನ್ನು ನನಗೆ ತೋರಿಸಿ ಏನೂ ಮಾತಾಡದೆ ಫೋನ್ ಜೇಬಿಗೆ ಹಾಕಿಕೊಂಡರು.

ಅವರೂ ಐಡಿಪಿ ತಗೊಂಡದ್ದು ನಮ್ಮದೇ ಜಿಲ್ಲೆಯ ಕಚೇರಿಯಿಂದ. ಕೌಂಟರಿನಲ್ಲಿದ್ದವರು ತಮ್ಮ ಕೆಲಸ ಸರಿಯಾಗಿ ಮಾಡಿದ್ದರು. ಅರ್ಜಿ ನೋಡಿದರು, ಫೀಸು ತಗೊಂಡರು, ಪುಸ್ತಕ ಕೊಟ್ಟರು. ಒಂದು ಮಾತು ಮಾತ್ರ ಬಿಟ್ಟುಹೋಯಿತು.

ಆಯುಕ್ತರೇ, ನಮ್ಮ ಕರಾವಳಿಯ ಆರ್‌ಟಿಒ ಕಚೇರಿಗೆ ಐಡಿಪಿ ಕೇಳಿಕೊಂಡು ಬರುವವರು ಯಾರು ಅಂತ ಒಂದು ದಿನ ಕೂತು ನೋಡಿ. ಭಟ್ಕಳ, ಬೈಂದೂರು, ಕುಂದಾಪುರ, ಕಾಪು, ಮೂಲ್ಕಿ, ಉಳ್ಳಾಲ. ಇವರಲ್ಲಿ ತುಂಬಾ ಜನ ಹತ್ತು ದಿನದ ಟೂರಿಗೆ ಹೋಗುವವರಲ್ಲ. ದುಡಿಯಲು ಹೋಗುವವರು. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕಿಕೊಳ್ಳುವವರು. ಐಡಿಪಿ ಇರುವುದು ಪ್ರವಾಸಿಗೆ. ನಮ್ಮವರು ಅದನ್ನು ಹಿಡಿದುಕೊಂಡು ಹೋಗುವುದು ಬದುಕಲು.

ಈಗ ಗಡಿ ದಾಟುವ ವಿಷಯಕ್ಕೆ ಬರುತ್ತೇನೆ, ಅದು ನನ್ನ ದಿನದ ಕೆಲಸ. ನಾನು 2009ರಿಂದ ದುಬೈನಲ್ಲಿ ಇದ್ದೇನೆ. ಟೈಲ್ಸ್ ಕಂಪನಿಯೊಂದರ ಸೇಲ್ಸ್. ತಿಂಗಳಿಗೆ ಎರಡು ಸಲ ಒಮಾನಿನ ಸೋಹಾರ್, ಬರ್ಕಾ, ಮಸ್ಕತ್ ಸುತ್ತುತ್ತೇನೆ. ಇಲ್ಲಿನ ಲೈಸೆನ್ಸ್ ಮೂರನೆಯ ಟೆಸ್ಟಿಗೆ ಸಿಕ್ಕಿತು. ಥಿಯರಿ ಪರೀಕ್ಷೆ ಬರೆದಾಗ ಕನ್ನಡ ಇರಲಿಲ್ಲ, ಇಂಗ್ಲಿಷಿನಲ್ಲಿ ಬರೆದೆ. ಆಮೇಲೆ ಹಿಂದಿ, ಮಲಯಾಳಂ, ತಮಿಳು ಸೇರಿದವು. ಪಕ್ಕದಲ್ಲಿ ಕೂತ ಮಲಯಾಳಿ ಹುಡುಗ ತನ್ನ ಭಾಷೆಯಲ್ಲೇ ಪ್ರಶ್ನೆ ಓದಿ ಬರೆಯುವಾಗ ನಮ್ಮವರು ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ. ಅದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೂ ಹೇಳಬೇಕು ಅನ್ನಿಸಿತು.

ಯುಎಇ, ಸೌದಿ, ಒಮಾನ್, ಕತಾರ್, ಬಹ್ರೇನ್, ಕುವೈತ್. 1981ರಲ್ಲಿ ಜಿಸಿಸಿ ಅಂತ ಕೂಟ ಕಟ್ಟಿಕೊಂಡ ಆರು ದೇಶಗಳು ಇವು. ಇವುಗಳಲ್ಲಿ ಒಂದು ದೇಶದ ಲೈಸೆನ್ಸ್ ಇದ್ದರೆ ಇನ್ನೊಂದಕ್ಕೆ ಪ್ರವಾಸಿಯಾಗಿ ಹೋದಾಗ ಅದರಲ್ಲೇ ಓಡಿಸಬಹುದು. ಐಡಿಪಿ ಬೇಡ. ನನ್ನ ದುಬೈ ಲೈಸೆನ್ಸ್ ನೋಡಿ ಒಮಾನಿನ ಪೊಲೀಸರು ಇಷ್ಟು ವರ್ಷದಲ್ಲಿ ಒಮ್ಮೆಯೂ ತಕರಾರು ಮಾಡಿಲ್ಲ. ಆದರೆ ಕೆಲಸ ಬದಲಾಗಿ ಅಲ್ಲಿಗೇ ವಾಸಕ್ಕೆ ಹೋದರೆ ಮತ್ತೆ ಮೊದಲಿನ ಕಥೆಯೇ, ಅಲ್ಲಿನ ಲೈಸೆನ್ಸ್ ಮಾಡಿಸಿಕೊಳ್ಳಬೇಕು.

ಹೊಸಬರು ಎಡವುವುದು ಇಲ್ಲೇ. ಲೈಸೆನ್ಸ್ ನಡೆಯುತ್ತದೆ ಅಂದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಗಡಿಯ ಕೌಂಟರಿನಲ್ಲಿ ಮೊದಲು ಪಾಸ್‌ಪೋರ್ಟ್ ಕೇಳುತ್ತಾರೆ. ಆಮೇಲೆ ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ ಕಾರ್ಡ್. ಕಾರು ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ಮಾಲೀಕರ ಒಪ್ಪಿಗೆ ಪತ್ರ. ಬಾಡಿಗೆ ಕಾರಾದರೆ ಕಂಪನಿಯ ಎನ್‌ಒಸಿ. ಬ್ಯಾಂಕ್ ಸಾಲದ ಕಾರಾದರೆ ಬ್ಯಾಂಕಿನ ಪತ್ರವನ್ನೂ ಕೇಳಬಹುದು. ಆಮೇಲೆ ಆರೆಂಜ್ ಕಾರ್ಡ್. ಅರಬ್ ದೇಶಗಳು 1975ರಲ್ಲಿ ಟ್ಯುನಿಸ್‌ನಲ್ಲಿ ಮಾಡಿಕೊಂಡ ಒಪ್ಪಂದದಿಂದ ಬಂದ ವಿಮಾ ಕಾರ್ಡ್ ಅದು. ನಿಮ್ಮ ಗಾಡಿಯಿಂದ ಪಕ್ಕದ ದೇಶದಲ್ಲಿ ಇನ್ನೊಬ್ಬರಿಗೆ ನಷ್ಟವಾದರೆ ಅದು ತುಂಬಿಕೊಡುತ್ತದೆ. ನಿಮ್ಮ ಸ್ವಂತ ಗಾಡಿಗಾದ ಡ್ಯಾಮೇಜಿಗೆ ಅದರಿಂದ ಬಿಡಿಗಾಸೂ ಇಲ್ಲ. ಅದಕ್ಕೆ ಪಾಲಿಸಿಯಲ್ಲಿ ಒಮಾನ್ ಕವರ್ ಬೇರೆ ಇರಬೇಕು. ಇದ್ದರೂ ಕಾಗದದಲ್ಲಿ ಬರೆದಿದೆಯಾ ಅಂತ ಓದಿ ನೋಡಬೇಕು. ಫೋನಿನಲ್ಲಿ "ಇದೆ ಸಾರ್, ಇದೆ" ಅಂದದ್ದು ಲೆಕ್ಕಕ್ಕಿಲ್ಲ.

ನನ್ನ ಗಾಡಿಯ ಗ್ಲೋವ್ ಬಾಕ್ಸಿನಲ್ಲಿ ಒಂದು ನೀಲಿ ಫೈಲ್ ಇದೆ. ಇವೆಲ್ಲ ಅದರಲ್ಲಿ ಇದೇ ಕ್ರಮದಲ್ಲಿ ಇರುತ್ತವೆ. ಹೊರಡುವ ಹಿಂದಿನ ರಾತ್ರಿ ಒಂದೊಂದರ ತಾರೀಕು ನೋಡಿಯೇ ಮಲಗುತ್ತೇನೆ. ಹೆಂಡತಿ ಮೊದಲು ಬೈಯುತ್ತಿದ್ದಳು. ಈಗ ಅವಳೇ ನೆನಪಿಸುತ್ತಾಳೆ.

ಸೌದಿಯ ದಮ್ಮಾಮ್, ಖೋಬರ್ ಕಡೆ ಇರುವ ನಮ್ಮವರಿಗೆ ಬಹ್ರೇನ್ ಹತ್ತಿರದ ಊರಿದ್ದ ಹಾಗೆ. ಸಮುದ್ರದ ಮೇಲೆ 1986ರಲ್ಲಿ ಆದ ಕಿಂಗ್ ಫಹದ್ ಸೇತುವೆ, 25 ಕಿಲೋಮೀಟರ್. ಗುರುವಾರ ಸಂಜೆ ಹೊರಟು ಯಕ್ಷಗಾನವೋ ಸಂಘದ ಕಾರ್ಯಕ್ರಮವೋ ನೋಡಿ ಬರುತ್ತಾರೆ. ಅಲ್ಲೂ ಸೌದಿ ಲೈಸೆನ್ಸ್ ನಡೆಯುತ್ತದೆ. ಆದರೆ ಕಾರು ಬೇರೆಯವರ ಹೆಸರಲ್ಲಿದ್ದರೆ ತಫ್ವೀಧ್ ಬೇಕು, ಗಾಡಿ ದೇಶದ ಹೊರಗೆ ಒಯ್ಯಲು ಮಾಲೀಕರು ಸೌದಿ ಸರ್ಕಾರದ ಅಬ್ಶರ್ ಆ್ಯಪಿನಲ್ಲಿ ಕೊಡುವ ಅಧಿಕಾರ ಅದು. ಬಹ್ರೇನಿನ ವಿಮೆಯನ್ನು ಸೇತುವೆಯ ಮೇಲೇ ಕೊಳ್ಳಬಹುದು. ತಫ್ವೀಧ್ ಇಲ್ಲದೆ ಸೇತುವೆಯ ಮಧ್ಯದಿಂದ ಹೆಂಡತಿ ಮಕ್ಕಳ ಸಮೇತ ವಾಪಸ್ ತಿರುಗಿದವರನ್ನು ನಾನು ಬಲ್ಲೆ.

ಇದು ಗಲ್ಫ್ ಒಂದರ ಕಥೆ ಅಲ್ಲ. ನನ್ನ ಚಿಕ್ಕಪ್ಪನ ಮಗಳು ಜರ್ಮನಿಯಲ್ಲಿದ್ದಾಳೆ. ಅಲ್ಲಿ ವಾಸಕ್ಕೆ ಹೋದವರು ಮೊದಲ ಆರು ತಿಂಗಳು ಮಾತ್ರ ನಮ್ಮ ಡಿಎಲ್‌ನಲ್ಲಿ ಓಡಿಸಬಹುದು. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಿ ಜರ್ಮನ್ ಲೈಸೆನ್ಸ್ ತಗೊಳ್ಳಬೇಕು. ಸುಮ್ನೆ ಬದಲಾಯಿಸಿ ಕೊಡುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಆರು ತಿಂಗಳು ದಾಟಿ ಓಡಿಸಿದರೆ ಅದು ದಂಡ ಕಟ್ಟಿ ಬಿಡುವ ತಪ್ಪಲ್ಲ, ಅಪರಾಧ. ಐಡಿಪಿಯಲ್ಲಿ ಒಂದು ವರ್ಷ ಅಂತ ಇರುತ್ತದೆ. ಏಳನೆಯ ತಿಂಗಳಲ್ಲಿ ಆ ಪುಸ್ತಕ ನಂಬಿಕೊಂಡು ವಾರದ ಕೊನೆಗೆ ಆಸ್ಟ್ರಿಯಾಕ್ಕೋ ಫ್ರಾನ್ಸಿಗೋ ಕಾರು ತಿರುಗಿಸಿದವರ ಗತಿ ಏನು ಹೇಳಿ?

ನಮ್ಮ ಮನೆಯಂಗಳದ ನೆರೆಯಲ್ಲೂ ಒಂದೊಂದು ದೇಶಕ್ಕೆ ಒಂದೊಂದು ಲೆಕ್ಕ. ನೇಪಾಳ, ಭೂತಾನ್‌ನಲ್ಲಿ ನಮ್ಮ ಡಿಎಲ್ ಹಾಗೇ ನಡೆಯುತ್ತದೆ, ಆದರೆ ನೇಪಾಳಕ್ಕೆ ಗಾಡಿ ಒಯ್ದರೆ ಗಡಿಯಲ್ಲಿ ಭನ್ಸಾರ್ ಸುಂಕ ಕಟ್ಟಿ ಚೀಟಿ ಇಟ್ಟುಕೊಳ್ಳಬೇಕು. ಶ್ರೀಲಂಕಾದಲ್ಲಿ ಐಡಿಪಿ ಒಂದೇ ಸಾಲದು, ಅಲ್ಲಿನವರ ಅನುಮತಿ ಬೇರೆ ಬೇಕು. ಭಾರತ, ಬಾಂಗ್ಲಾದೇಶ, ಭೂತಾನ್, ನೇಪಾಳ ಸೇರಿ ಗಾಡಿಗಳು ಸಲೀಸಾಗಿ ಓಡಾಡಲಿ ಅಂತ 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷ ಭೂತಾನಿನ ಮೇಲ್ಮನೆ ಅದನ್ನು ಒಪ್ಪಲಿಲ್ಲ. ಅದು ದೊಡ್ಡವರ ಕೆಲಸ, ನಿಧಾನಕ್ಕೆ ಆಗಲಿ. ನಾನು ಕೇಳುತ್ತಿರುವುದು ಒಂದು ಹಾಳೆ ಕಾಗದ.

ಹೌದು, ಒಂದೇ ಹಾಳೆ. ಐಡಿಪಿ ಕೊಡುವಾಗ ಅದರ ಜೊತೆ ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ ಕೊಡಿ. ದೊಡ್ಡ ಅಕ್ಷರದಲ್ಲಿರಲಿ. ಇದು ಪ್ರವಾಸಿಗೆ ಮಾತ್ರ, ರೆಸಿಡೆನ್ಸ್ ವೀಸಾ ಆದ ಮೇಲೆ ಆ ದೇಶದ ನಿಯಮ ಕೇಳದೆ ಓಡಿಸಬೇಡಿ ಅಂತ ಮೊದಲ ಸಾಲಿನಲ್ಲೇ ಇರಲಿ. ಊರಿನ ಡಿಎಲ್ ಜೊತೆಗಿಲ್ಲದೆ ಈ ಪುಸ್ತಕಕ್ಕೆ ಬೆಲೆ ಇಲ್ಲ ಅಂತಲೂ ಇರಲಿ. ಡಿಎಲ್ ಅನ್ನು ಮನೆಯ ಬೀರುವಿನಲ್ಲಿ ಭದ್ರವಾಗಿಟ್ಟು ಐಡಿಪಿ ಮಾತ್ರ ತಂದವರು ಎಷ್ಟೋ ಜನ. ಡಿಎಲ್ ಅವಧಿ ಮೊದಲೇ ಮುಗಿದರೆ ಐಡಿಪಿಯೂ ಅವತ್ತೇ ಮುಗಿಯಿತು ಅಂತ ಇರಲಿ. ಲೈಸೆನ್ಸ್ ಸರಿ ಇಲ್ಲದಿದ್ದರೆ ವಿಮೆಯೂ ಕೈ ಕೊಡುತ್ತದೆ ಅಂತ ಇರಲಿ. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ.

2022ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಡೀ ದೇಶಕ್ಕೆ ಒಂದೇ ಥರದ ಐಡಿಪಿ ತಂದಿತು. ಅದಕ್ಕೆ ಮೊದಲು ಒಂದೊಂದು ರಾಜ್ಯದ ಪುಸ್ತಕ ಒಂದೊಂದು ಸೈಜು, ಒಂದೊಂದು ಬಣ್ಣ. ಹೊರದೇಶದಲ್ಲಿ ಇದು ಅಸಲಿಯೋ ನಕಲಿಯೋ ಅಂತ ಕೇಳುತ್ತಿದ್ದರು. ಈಗ ಕ್ಯೂಆರ್ ಕೋಡ್ ಇದೆ, ಡಿಎಲ್ ಜೊತೆ ಜೋಡಿಸಿದ್ದಾರೆ. ಒಳ್ಳೆಯ ಕೆಲಸ. 2021ರ ಜನವರಿಯಲ್ಲಿ ಇನ್ನೊಂದು ಒಳ್ಳೆಯದಾಯಿತು. ಹೊರದೇಶದಲ್ಲಿ ಇರುವಾಗ ಐಡಿಪಿ ಮುಗಿದರೆ ಅಲ್ಲಿನ ನಮ್ಮ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬಹುದು ಅಂತ ಮಾಡಿದರು. ಇಷ್ಟೆಲ್ಲ ಮಾಡಿದವರಿಗೆ ಒಂದು ಹಾಳೆ ಕಷ್ಟವಲ್ಲ. ಪುಸ್ತಕ ಅಸಲಿ ಅಂತ ತೋರಿಸಲು ಕ್ಯೂಆರ್ ಕೋಡ್ ಸಾಕು. ಅದು ಎಲ್ಲಿಯವರೆಗೆ ನಡೆಯುತ್ತದೆ ಅಂತ ಹೇಳಲು ಮನುಷ್ಯರೇ ಬೇಕು. ಕೌಂಟರಿನಲ್ಲಿ ಇರುವವರು "ತಮ್ಮಾ, ಯಾವ ವೀಸಾದಲ್ಲಿ ಹೋಗ್ತಾ ಇದ್ದೀಯ?" ಅಂತ ಕೇಳಿದರೆ ಅರ್ಧ ಕೆಲಸ ಆದ ಹಾಗೆ.

ಇದರ ಜೊತೆ ಇನ್ನೊಂದು ಬೇಡಿಕೆ ಇದೆ. ಇದು ನನ್ನದೇ ಅನುಭವ.

ಹೊರಗೆ ಇರುವವರ ಊರಿನ ಡಿಎಲ್ ಸದ್ದಿಲ್ಲದೆ ಸತ್ತುಹೋಗುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಒಂದು ವರ್ಷದವರೆಗೆ ನವೀಕರಣ ಮಾಡಿಸಬಹುದು. ಅದು ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಕೇಳಲು ಎರಡು ವರ್ಷ ಧಾರಾಳ ಅನ್ನಿಸುತ್ತದೆ ಅಲ್ವಾ? ಆದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ರಜೆ ಸಿಗುವುದೇ ಎರಡು ವರ್ಷಕ್ಕೊಮ್ಮೆ. ಅದೂ ನಲವತ್ತು ದಿನ, ಐವತ್ತು ದಿನ. ಅದರಲ್ಲಿ ಒಂದು ಮದುವೆ, ಒಂದು ಶ್ರಾದ್ಧ, ಅಮ್ಮನ ಕಣ್ಣಿನ ಆಪರೇಷನ್. ಡಿಎಲ್ ನೆನಪಾಗುವುದು ವಾಪಸ್ ವಿಮಾನ ಹತ್ತುವ ಹೊತ್ತಿಗೆ.

ನನ್ನದು ಹೀಗೇ ಆಯಿತು. ಮುಗಿದು ಹದಿನಾಲ್ಕು ತಿಂಗಳಾದ ಮೇಲೆ ಊರಿಗೆ ಬಂದೆ. ಆನ್‌ಲೈನಿನಲ್ಲಿ ನೋಡೋಣ ಅಂತ ಸಾರಥಿ ಪೋರ್ಟಲ್ ತೆರೆದರೆ ಒಟಿಪಿ ಹೋಗುತ್ತಿದ್ದದ್ದು ನನ್ನ ಹಳೆಯ ನಂಬರಿಗೆ. ಆ ಸಿಮ್ ನಾನು ದುಬೈಗೆ ಬಂದ ಮೂರನೇ ವರ್ಷವೇ ಕಟ್ ಆಗಿತ್ತು. ನಂಬರ್ ಬದಲಾಯಿಸಲು ಒಂದು ದಿನ, ಇನ್ನೊಂದು ಕಾಗದಕ್ಕೆ ಇನ್ನೊಂದು ದಿನ. ನಲವತ್ತು ದಾಟಿದವನಾದ್ದರಿಂದ ವೈದ್ಯರ ಸರ್ಟಿಫಿಕೇಟ್ ಬೇರೆ. ಟೆಸ್ಟ್ ದಿನಾಂಕ ಸಿಕ್ಕಿದ್ದು ನನ್ನ ವಾಪಸ್ ಟಿಕೆಟ್‌ನ ಮರುದಿನಕ್ಕೆ. ಹದಿನೈದು ವರ್ಷ ಎರಡು ದೇಶಗಳಲ್ಲಿ ಒಂದು ಗೀರೂ ಆಗದಂತೆ ಓಡಿಸಿದವನು ನನ್ನೂರಿನ ರಸ್ತೆಯಲ್ಲಿ ಲೈಸೆನ್ಸ್ ಇಲ್ಲದವನಾದೆ. ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಲು ಪಕ್ಕದ ಮನೆಯ ಹುಡುಗನನ್ನು ಕೇಳಬೇಕಾಯಿತು.

ಊರಿನ ಡಿಎಲ್ ಜೀವಂತ ಇರುವುದು ಇಲ್ಲೂ ಉಪಯೋಗಕ್ಕೆ ಬರುತ್ತದೆ. ದುಬೈನಲ್ಲಿ ಲೈಸೆನ್ಸ್ ಕ್ಲಾಸಿಗೆ ಸೇರುವಾಗ ಊರಿನ ಹಳೆಯ ಲೈಸೆನ್ಸ್ ತೋರಿಸಿದರೆ ಕ್ಲಾಸುಗಳ ಸಂಖ್ಯೆ ಕಡಿಮೆಯಾಗುತ್ತದೆ. ಕ್ಲಾಸ್ ಕಡಿಮೆಯಾದರೆ ಖರ್ಚೂ ಕಡಿಮೆ. ಕ್ಲಾಸೇ ಇಲ್ಲದೆ ಒಂದು ಸಲ ನೇರ ಟೆಸ್ಟ್ ಕೊಡುವ ಅವಕಾಶವನ್ನೂ 2023ರಿಂದ ಕೊಟ್ಟಿದ್ದಾರೆ, ಅದಕ್ಕೂ ಊರಿನ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಪುಸ್ತಕದ ರೂಪದ ಹಳೆಯ ಡಿಎಲ್ ಇಟ್ಟುಕೊಂಡು ಕಂಪ್ಯೂಟರಿಗೆ ಏರಿಸಿಕೊಳ್ಳದವರು ಇನ್ನೂ ಇದ್ದಾರೆ. ಹೊರಡುವ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ ಅಂತ ಅವರಿಗೆ ಹೇಳುವವರು ಬೇಕು.

ಅದಕ್ಕೆ ನನ್ನ ಕೋರಿಕೆ: ಐಡಿಪಿ ಅರ್ಜಿ ಬಂದಾಗ, ಅವರ ಡಿಎಲ್ ಅವಧಿ ಯಾವಾಗ ಮುಗಿಯುತ್ತದೆ ಅಂತ ಅಲ್ಲೇ ನೋಡಿ ಹೇಳಿ. ಒಂದು ವರ್ಷದೊಳಗೆ ಮುಗಿಯುವುದಾದರೆ ಇವತ್ತೇ ನವೀಕರಣ ಮಾಡಿಸಿಕೊಂಡು ಹೋಗಿ ಅಂತ ಹೇಳಿ. ಅವರ ಇಮೇಲ್ ಬರೆದಿಟ್ಟುಕೊಂಡು, ಅವಧಿ ಮುಗಿಯುವ ಮೊದಲೇ ಒಂದು ಸಾಲು ಕಳಿಸಿ. ಸಿಮ್ ಬದಲಾಗುತ್ತದೆ, ಇಮೇಲ್ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಈಗ ಹೊರಟಿರುವ ಹುಡುಗರಿಗೆ ಎರಡು ಮಾತು. ಬಂದ ಮೊದಲ ತಿಂಗಳು ಊರಿನ ಅಣ್ಣಂದಿರು ಕಾರಿನ ಕೀ ಕೈಗೆ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. "ಐಡಿಪಿ ಇದೆಯಲ್ಲ, ಓಡಿಸು ಮಾರಾಯ, ನಾನೂ ಹಾಗೇ ಓಡಿಸಿದ್ದು" ಅನ್ನುತ್ತಾರೆ. ವೀಸಾ ಆದ ಮೇಲೆ ಆ ಕೀ ತಗೊಳ್ಳಬೇಡಿ. ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಲೈಸೆನ್ಸ್ ಆಗುವವರೆಗೆ ಬಸ್ಸಿದೆ, ಮೆಟ್ರೋ ಇದೆ. ಮೊದಲ ಸಲ ಫೇಲಾದರೆ ನಾಚಿಕೆ ಪಡಬೇಡಿ, ನಾನು ಎರಡು ಸಲ ಆಗಿದ್ದೇನೆ. ಎಡಗಡೆ ಓಡಿಸಿ ಬೆಳೆದ ಕಣ್ಣು ಬಲಗಡೆಗೆ ಹೊಂದಿಕೊಳ್ಳಲು ದಿನ ಹಿಡಿಯುತ್ತದೆ. ಆ ಕ್ಲಾಸುಗಳಲ್ಲಿ ಕಲಿಸುವುದು ಅದನ್ನೇ.

ಅಕ್ಕನ ಮಗ ಈಗ ಕ್ಲಾಸಿಗೆ ಹೋಗುತ್ತಿದ್ದಾನೆ. ಥಿಯರಿ ಪಾಸಾಯಿತು. ಪಾರ್ಕಿಂಗ್ ಟೆಸ್ಟ್ ಒಮ್ಮೆ ಹೋಯಿತು, ಬರುವ ವಾರ ಮತ್ತೆ ಇದೆ. ಹತ್ತಾದಿಂದ ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನು ಹೇಳಿದ್ದು ಒಂದೇ ಮಾತು: "ಕೊಡುವಾಗಲೇ ಹೇಳಿದ್ದಿದ್ದರೆ ನಾನು ಓಡಿಸ್ತಾನೇ ಇರಲಿಲ್ಲ ಮಾವ."

ಆ ಹಾಳೆಯನ್ನು ನಾನೇ ಕನ್ನಡದಲ್ಲಿ ಬರೆದಿದ್ದೇನೆ. ಇಪ್ಪತ್ತೆರಡು ಸಾಲು. ಇಲ್ಲಿನ ಸ್ನೇಹಿತರು ಓದಿ ತಿದ್ದಿದ್ದಾರೆ. ಮಸ್ಕತ್, ಬಹ್ರೇನ್‌ನ ಕನ್ನಡ ಸಂಘದವರಿಗೂ ಕಳಿಸಿ ಅಲ್ಲಿನ ನಿಯಮ ಸರಿ ಇದೆಯಾ ಅಂತ ಕೇಳಬೇಕೆಂದಿದ್ದೇನೆ. ಜುಲೈನಲ್ಲಿ ರಜೆಗೆ ಊರಿಗೆ ಬರುತ್ತೇನೆ. ಬಂದ ಮೊದಲ ವಾರ ಉಡುಪಿ ಕಚೇರಿಗೆ ಅದನ್ನು ತರುತ್ತೇನೆ. ಕಾನೂನಿನ ಮಾತು ಎಲ್ಲಾದರೂ ತಪ್ಪಿದ್ದರೆ ನೀವು ತಿದ್ದಿ. ಮೊದಲ ಸಾವಿರ ಪ್ರತಿ ಅಚ್ಚು ಹಾಕಿಸುವ ಖರ್ಚು ನಾನೇ ಕೊಡುತ್ತೇನೆ, ಒಪ್ಪಿಗೆ ಕೊಡಿ ಸಾಕು.

ಇಂತಿ,
ದುಬೈನಲ್ಲಿರುವ ಕುಂದಾಪುರ ಕಡೆಯ ಒಬ್ಬ